ಮುಖವಾಡ ಕಳಚಿದ ಇರುಳು

1792ರ ಮಾರ್ಚ್ 16. ಸ್ಟಾಕ್‌ಹೋಮಿನ ಒಪೆರಾ ಮಂದಿರದಲ್ಲಿ ಮುಖವಾಡದ ಕುಣಿತಕೂಟ. ಕೆಳಗೆ ವಾದ್ಯಗಳ ಸದ್ದು, ಕಪ್ಪು ನಿಲುವಂಗಿಗಳ ನೂಕುನುಗ್ಗಲು. ಮೇಲಿನ ಕೋಣೆಯಲ್ಲಿ ದೊರೆ ಮೂರನೆಯ ಗುಸ್ತಾವ್ ಆಪ್ತರೊಡನೆ ಊಟಕ್ಕೆ ಕೂತಿದ್ದಾನೆ. ಅಷ್ಟರಲ್ಲಿ ಸಹಿಯಿಲ್ಲದ ಕಾಗದವೊಂದು ಕೈಸೇರುತ್ತದೆ. ಈ ರಾತ್ರಿ ಪ್ರಾಣಕ್ಕೆ ಅಪಾಯವಿದೆ ಎಂದು ಫ್ರೆಂಚಿನಲ್ಲಿ ಬರೆದವನು ಸಂಚುಗಾರರಲ್ಲೇ ಒಬ್ಬನಾದ ಲಿಲಿಯೆಹೂರ್ನ್. ಜೊತೆಗಿದ್ದ ಫಾನ್ ಎಸ್ಸೆನ್ ಬೇಡವೆಂದರೂ ದೊರೆ ಕೇಳುವುದಿಲ್ಲ. ಅವನ ತೋಳು ಹಿಡಿದೇ ಮೆಟ್ಟಿಲಿಳಿಯುತ್ತಾನೆ.

ಮುಖಕ್ಕೆ ಮುಖವಾಡವೇನೋ ಇದೆ. ಎದೆಯ ಮೇಲೆ ಮಾತ್ರ ಸೆರಾಫಿಮ್ ಪದವಿಯ ಬೆಳ್ಳಿ ನಕ್ಷತ್ರ ಥಳಥಳಿಸುತ್ತಿದೆ. ಗುರುತಿಗೆ ಇನ್ನೇನು ಬೇಕು? ನಡುರಾತ್ರಿಯ ಹೊತ್ತಿಗೆ ಕರಿವೇಷದವರು ಸುತ್ತುವರಿಯುತ್ತಾರೆ. ಮಾಜಿ ಕ್ಯಾಪ್ಟನ್ ಆಂಕರ್‌ಸ್ಟ್ರೋಮ್ ಬೆನ್ನ ಹಿಂದೆ ಬಂದು ಪಿಸ್ತೂಲು ಹಾರಿಸುತ್ತಾನೆ. ‘ಬೆಂಕಿ, ಬೆಂಕಿ’ ಎಂಬ ಕೂಗೆದ್ದರೂ ಬಾಗಿಲುಗಳು ಮುಚ್ಚಿಬಿಡುತ್ತವೆ. ಪೊಲೀಸ್ ಮುಖ್ಯಸ್ಥ ಲಿಲಿಯೆನ್‌ಸ್ಪಾರೆಯ ಎದುರು ಒಬ್ಬೊಬ್ಬರೂ ಮುಖವಾಡ ತೆಗೆದು ಹೆಸರು ಬರೆಸಿ ಹೊರಬೀಳಬೇಕು. ಹಂತಕನೂ ಹಾಗೆಯೇ ದಾಟಿಹೋಗುತ್ತಾನೆ. ನೆಲದ ಮೇಲೆ ಬಿದ್ದಿದ್ದ ಪಿಸ್ತೂಲನ್ನು ಮರುದಿನ ಬಂದೂಕು ಕಸುಬಿನವನೊಬ್ಬ ಗುರುತಿಸಿದಾಗಲೇ ಅವನು ಸಿಕ್ಕಿಬಿದ್ದದ್ದು.

ಸಂಚಿನ ಹಿಂದಿದ್ದ ಸರದಾರರ ಸಿಟ್ಟು ಹಳೆಯದು. 1772ರಲ್ಲಿ ಈ ದೊರೆ ರಕ್ತ ಹರಿಸದೆ ಅಧಿಕಾರವನ್ನು ಅವರ ಕೈಯಿಂದ ಕಿತ್ತುಕೊಂಡಿದ್ದ. 1789ರ ಕಾನೂನಿನಿಂದ ತನ್ನ ಬಲ ಹೆಚ್ಚಿಸಿಕೊಂಡು, ಅವರಿಗಷ್ಟೇ ಮೀಸಲಾಗಿದ್ದ ಹಲವು ಹುದ್ದೆಗಳನ್ನು ಸಾಮಾನ್ಯರಿಗೂ ತೆರೆದ. ನಾಟಕ, ಸಂಗೀತವೆಂದರೆ ಅವನಿಗೆ ಪ್ರಾಣ. ಸ್ವೀಡಿಷ್ ಅಕಾಡೆಮಿ ಅವನು ಕಟ್ಟಿದ್ದು. ಗುಂಡು ತಿಂದ ಆ ಮಂದಿರವೂ ಅವನದೇ.

ಗಾಯ ಕೀವಾಗಿ, ಹದಿಮೂರನೆಯ ದಿನ, ಮಾರ್ಚ್ 29ರಂದು ದೊರೆ ತೀರಿಕೊಂಡ. ಏಪ್ರಿಲ್ 27ರಂದು ಆಂಕರ್‌ಸ್ಟ್ರೋಮನ ತಲೆ ಉರುಳಿತು. ಸಂಚಿನಲ್ಲಿ ಜೊತೆಗಿದ್ದ ಹೂರ್ನ್, ರಿಬ್ಬಿಂಗ್ ಗಡೀಪಾರಾದರು. ದೊರೆಯ ಅಂತ್ಯಕ್ರಿಯೆಗೆ ಸಂಗೀತ ಕಟ್ಟಿದ ಯೋಸೆಫ್ ಮಾರ್ಟಿನ್ ಕ್ರೌಸ್ ಡಿಸೆಂಬರಿನಲ್ಲಿ ತಾನೂ ಕಣ್ಮುಚ್ಚಿದ. ವಯಸ್ಸು ಬರೀ 36.

ದೊರೆಯ ಅಂದಿನ ಉಡುಪು ಸ್ಟಾಕ್‌ಹೋಮಿನ ರಾಜಶಸ್ತ್ರಾಗಾರದಲ್ಲಿ ಇಂದಿಗೂ ಇದೆ. ಸಂಚುಗಾರರ ಲೆಕ್ಕ ಮಾತ್ರ ತಲೆಕೆಳಗಾಯಿತು. ಹದಿಮೂರರ ಮಗ ಪಟ್ಟಕ್ಕೇರಿದ, ಚಿಕ್ಕಪ್ಪ ಕಾರ್ಲ್ ಅವನ ಪರವಾಗಿ ಆಳಿದ. ಸರದಾರರು ಹಗೆ ಸಾಧಿಸಿದ್ದ ಆ 1789ರ ಕಾನೂನು, ದೊರೆ ಹೋದಮೇಲೂ 1809ರವರೆಗೆ ನಿಂತಿತು.