ಕೊಬ್ಬರಿ ಮಾರುವಾಗ ಹೆಂಗಸರ ಹೆಸರು



ನಮ್ಮ ದಬ್ಬೇಘಟ್ಟದ ಕಡೆ ತೆಂಗಿನಕಾಯಿ ಉಂಡೆ ಕೊಬ್ಬರಿಯಾಗಲು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಿಸಿದರೆ ಸದ್ದು ಬರಬೇಕು. ಕಾಯಿ ಆಯುವುದು, ಹೊರುವುದು, ಮಟ್ಟೆ ಸುಲಿದ ಮೇಲೆ ಚಿಪ್ಪು ಬಿಡಿಸುವುದು, ಒಡಕು ಬೇರೆ ಮಾಡುವುದು, ಇದರಲ್ಲೆಲ್ಲ ಹೆಂಗಸರ ಕೈಯಿದೆ. ಆದರೆ ಮಾರಿದ ಹಣ ಯಾರ ಹೆಸರಿಗೆ ಬರುತ್ತದೆ?

ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲಿ ಫ್ರೂಟ್ಸ್ ನೋಂದಣಿ ಕೇಳುತ್ತಾರೆ. ಅದಕ್ಕೆ ಪಹಣಿಯಲ್ಲಿ ಹೆಸರಿರಬೇಕು. ಹಣವೂ ಅದೇ ಹೆಸರಿನ ಬ್ಯಾಂಕ್ ಖಾತೆಗೆ ಬರುತ್ತದೆ. ಯಜಮಾನರು ತೀರಿಕೊಂಡ ಮೇಲೂ ಪಹಣಿ ಅವರ ಹೆಸರಿನಲ್ಲೇ ಉಳಿದರೆ, ಅಟ್ಟದ ತುಂಬ ಕೊಬ್ಬರಿಯಿದ್ದರೂ ಮನೆಯಾಕೆಗೆ ಅಲ್ಲಿ ಮಾರಲು ತೊಡಕು. ಆಗ ವರ್ತಕರು ಹೇಳಿದ್ದೇ ಬೆಲೆ.

ಆದ್ದರಿಂದ ಪೌತಿ ಖಾತೆಯನ್ನು ತಡಮಾಡದೆ ಮಾಡಿಸಿರಿ. ಹೋಬಳಿಯ ನಾಡಕಚೇರಿಯಲ್ಲಿ ವಿಚಾರಿಸಿರಿ. 1956ರ ಹಿಂದೂ ಉತ್ತರಾಧಿಕಾರ ಕಾನೂನಿನಂತೆ ಗಂಡನ ಆಸ್ತಿಗೆ ಹೆಂಡತಿಯೂ ಹಕ್ಕುದಾರಳು. ಮನೆತನದ ಜಮೀನಿನಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲೆಂದು 2005ರ ತಿದ್ದುಪಡಿ ಹೇಳಿದೆ.

ಯಜಮಾನರೇ, ನೀವು ಗಟ್ಟಿಯಾಗಿರುವಾಗಲೇ ಪಹಣಿ, ಪಾಸ್‌ಬುಕ್ಕು, ಮಾರಾಟದ ಚೀಟಿ ಎಲ್ಲವನ್ನೂ ಮನೆಯಾಕೆಗೆ ತೋರಿಸಿರಿ. ತಾಯಂದಿರೇ, ಕೇಳಿ ತಿಳಿದುಕೊಳ್ಳಿ, ಸಂಕೋಚ ಬೇಡ.