ಅದ್ಭುತ ಕಥೆಯೂ ವಿಜ್ಞಾನ ಕಥೆಯೂ

ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿ, ಅದರ ಸುತ್ತಲಿನ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಸೀಮೆಯ ಜನರಿಗೆ ದೊಡ್ಡಾಟವು ಹೊಸತಲ್ಲ. ರಾತ್ರಿಯಿಡೀ ನಡೆಯುವ ಆಟದಲ್ಲಿ ರಾಕ್ಷಸನು ಮಾಯೆಯಿಂದ ರೂಪ ಬದಲಿಸುತ್ತಾನೆ. ದೇವತೆಗಳು ಆಕಾಶಮಾರ್ಗದಿಂದ ಇಳಿದು ಬರುತ್ತಾರೆ. ಚಾಪೆ ಹಾಸಿ ಕುಳಿತ ರೈತನು ಎದ್ದು ನಿಂತು ‘ಇದು ಹೇಗೆ ಸಾಧ್ಯ?’ ಎಂದು ಕೇಳುವುದಿಲ್ಲ. ಆದರೆ ಅದೇ ರೈತನಿಗೆ ಮರುದಿನ ಯಾರಾದರೂ ‘ಈ ಬೀಜ ಮಳೆಯಿಲ್ಲದೆಯೂ ಬೆಳೆಯುತ್ತದೆ’ ಎಂದು ಹೇಳಿದರೆ ನೂರು ಪ್ರಶ್ನೆ ಕೇಳದೆ ಬಿಡುವವನಲ್ಲ. ಎಲ್ಲಿ ಮನಸ್ಸನ್ನು ತೆರೆದಿಡಬೇಕು, ಎಲ್ಲಿ ಒರೆಗೆ ಹಚ್ಚಬೇಕು ಎಂಬ ಈ ವಿವೇಕದಲ್ಲಿಯೇ ಅದ್ಭುತ ಕಥೆಗೂ ವಿಜ್ಞಾನ ಕಥೆಗೂ ಇರುವ ಅಂತರ ಅಡಗಿದೆ.

ಇಂದು ನಮ್ಮ ಮಕ್ಕಳು ಟಿ.ವಿ.ಯಲ್ಲಿಯೂ ಮೊಬೈಲಿನಲ್ಲಿಯೂ ಇವೆರಡನ್ನೂ ಒಟ್ಟಿಗೆ ನೋಡುತ್ತಾರೆ. ಮಂತ್ರದಂಡ ಹಿಡಿದ ಬಾಲಕನೂ ಅನ್ಯಗ್ರಹದ ನೌಕೆಯೂ ಅವರಿಗೆ ಒಂದೇ ಸಾಲಿನವು. ಎರಡೂ ಕಲ್ಪನೆಗಳೇ ಅಲ್ಲವೆ ಎಂದು ಹಿರಿಯರೂ ಕೇಳುವುದುಂಟು. ಕಲ್ಪನೆಗಳು ನಿಜ; ಆದರೆ ಅವು ಉತ್ತರ ಹೇಳಬೇಕಾದ ನ್ಯಾಯಾಲಯಗಳು ಬೇರೆ ಬೇರೆ.

ಫ್ಯಾಂಟಸಿ ಎಂದು ಕರೆಯಲಾಗುವ ಅದ್ಭುತ ಕಥೆಯು ತನ್ನದೇ ಒಂದು ಲೋಕವನ್ನು ಕಟ್ಟುತ್ತದೆ. ಶವದೊಳಗಿನ ಬೇತಾಳ ಮಾತನಾಡುತ್ತದೆ ಎಂದು ಒಮ್ಮೆ ಒಪ್ಪಿದರಾಯಿತು, ಕಥೆ ಮುಂದೆ ಸಾಗುತ್ತದೆ. ಆ ಲೋಕದ ಒಳಗೆ ನಿಯಮಗಳಿರುತ್ತವೆ: ವಿಕ್ರಮನು ಮೌನ ಮುರಿದರೆ ಬೇತಾಳ ಮರಕ್ಕೆ ಮರಳಲೇಬೇಕು. ಆದರೆ ಶವವು ಹೇಗೆ ಮಾತನಾಡಿತೆಂದು ವೈದ್ಯರನ್ನು ಕೇಳುವ ಅಗತ್ಯ ಅಲ್ಲಿಲ್ಲ.

ವಿಜ್ಞಾನ ಕಥೆಯಾದರೋ ನಮ್ಮ ಈ ಲೋಕದ ನಿಯಮಗಳಿಗೆ ತಲೆಬಾಗಿ ‘ಹೀಗಾದರೆ ಏನಾದೀತು?’ ಎಂದು ಕೇಳುತ್ತದೆ. ಫ್ರಾನ್ಸಿನ ಜೂಲ್ಸ್ ವರ್ನ್ 1865ರಲ್ಲಿ ಚಂದ್ರಯಾನದ ಕಾದಂಬರಿಯನ್ನು ಪ್ರಕಟಿಸಿದನು. ಅಮೆರಿಕದ ಫ್ಲಾರಿಡಾದಲ್ಲಿ 900 ಅಡಿ ಉದ್ದದ ಫಿರಂಗಿಯನ್ನು ನೆಲದಲ್ಲಿ ಹೂಳಿ, ಅದರಿಂದ ಮೂವರನ್ನು ಗುಂಡಿನೊಳಗೆ ಕುಳ್ಳಿರಿಸಿ ಚಂದ್ರನತ್ತ ಹಾರಿಸುವ ಕಥೆ ಅದು. 1969ರ ಜುಲೈನಲ್ಲಿ ಅಪೊಲೊ 11 ನೌಕೆಯಲ್ಲಿ ಮೂವರು ಹೊರಟದ್ದೂ ಫ್ಲಾರಿಡಾದಿಂದಲೇ. ಆದರೆ ಫಿರಂಗಿಯ ವಿಷಯದಲ್ಲಿ ವರ್ನ್ ತಪ್ಪಿದ್ದನು. ಭೂಮಿಯ ಸೆಳೆತ ಮೀರಲು ಸೆಕೆಂಡಿಗೆ ಸುಮಾರು 11 ಕಿಲೋಮೀಟರ್ ವೇಗ ಬೇಕು. 900 ಅಡಿಯೊಳಗೆ ಆ ವೇಗ ಬಂದರೆ ಪಯಣಿಗರ ಮೇಲೆ ಬೀಳುವ ಒತ್ತಡವು ಅವರ ತೂಕದ ಇಪ್ಪತ್ತು ಸಾವಿರ ಪಟ್ಟನ್ನು ಮೀರುತ್ತದೆ, ಯಾರೂ ಬದುಕುವಂತಿಲ್ಲ. ಇದನ್ನು ಕಾಲೇಜು ವಿದ್ಯಾರ್ಥಿಯೂ ಲೆಕ್ಕ ಹಾಕಿ ತೋರಿಸಬಲ್ಲನು. ಹೀಗೆ ಲೆಕ್ಕ ಹಾಕಿ ತಪ್ಪು ಹಿಡಿಯಲು ಬರುವುದೇ ವಿಜ್ಞಾನ ಕಥೆಯ ಲಕ್ಷಣ. ಬೇತಾಳನ ಕಥೆಯಲ್ಲಿ ಇಂಥ ತಪ್ಪು ಹುಡುಕಲಾಗದು, ಹುಡುಕಲೂ ಬಾರದು.

ಕನ್ನಡದಲ್ಲಿಯೂ ಈ ಪ್ರಕಾರಕ್ಕೆ ಸಾಧಕರಿದ್ದಾರೆ. ರಾಜಶೇಖರ ಭೂಸನೂರಮಠ ಅವರು ವಿಜ್ಞಾನ ಕಥೆಯನ್ನೇ ತಮ್ಮ ಕ್ಷೇತ್ರವಾಗಿಸಿಕೊಂಡು ಬರೆದರು. ‘ಮನು’ ಎಂಬ ಕಾವ್ಯನಾಮದ ಲೇಖಕರು ‘ಮಹಾಸಂಪರ್ಕ’ ಕಾದಂಬರಿಯಲ್ಲಿ ಮಹಾಭಾರತದ ಕಥೆಗೂ ಅನ್ಯಲೋಕದ ಜೀವಿಗಳಿಗೂ ನಂಟು ಕಲ್ಪಿಸಿದರು. ಅದು ಎರಡು ಪ್ರಕಾರಗಳ ಗಡಿಯಲ್ಲಿ ನಿಂತ ಕೃತಿ. ಆದರೂ ಅದು ಕಾದಂಬರಿಯೆಂದೇ ಓದುಗರ ಕೈಗೆ ಬಂದಿತು. ಆದ್ದರಿಂದ ಯಾರಿಗೂ ಮೋಸವಿಲ್ಲ.

ತೊಡಕು ಹುಟ್ಟುವುದು ಕಲ್ಪನೆಯು ತಾನು ಕಲ್ಪನೆಯೆಂಬುದನ್ನು ಮರೆಮಾಚಿದಾಗ. ಇದಕ್ಕೆ ನಮ್ಮ ನಾಡಿನದೇ ಒಂದು ನಿದರ್ಶನವಿದೆ. ‘ವೈಮಾನಿಕ ಶಾಸ್ತ್ರ’ವೆಂಬ ಸಂಸ್ಕೃತ ಗ್ರಂಥವನ್ನು ಭರದ್ವಾಜ ಮಹರ್ಷಿಯ ಕೃತಿಯೆಂದು ಹೇಳಲಾಗುತ್ತದೆ. ಅದನ್ನು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಬಾಯಿಂದ ಹೇಳಿ ಬರೆಯಿಸಿದರು. ಮೈಸೂರಿನ ಜಿ. ಆರ್. ಜೋಸ್ಯರ್ ಅವರು 1973ರಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಅದರಲ್ಲಿ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ವರ್ಣನೆಯೂ ಚಿತ್ರಗಳೂ ಇವೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಅವರ ನಾಲ್ವರು ಸಂಗಡಿಗರು ಇದನ್ನು ಪರೀಕ್ಷಿಸಿದರು. ಅವರು ಗ್ರಂಥವನ್ನು ತಿರಸ್ಕಾರದಿಂದ ಬದಿಗಿರಿಸಲಿಲ್ಲ. ಭಾಷೆಯನ್ನು ನೋಡಿದರು, ಅಳತೆಗಳನ್ನು ಲೆಕ್ಕಕ್ಕೆ ಹಚ್ಚಿದರು. ಗ್ರಂಥವು 1904ಕ್ಕಿಂತ ಹಿಂದಿನದಾಗಿರಲಾರದು, ಅದರ ಯಾವ ವಿಮಾನವೂ ಹಾರಲಾರದು ಎಂಬ ನಿರ್ಣಯಕ್ಕೆ ಬಂದರು.

ಇದರಿಂದ ರಾಮಾಯಣದ ಪುಷ್ಪಕ ವಿಮಾನಕ್ಕೆ ಏನಾದರೂ ಕುಂದು ಬಂದಿತೆ? ಇಲ್ಲ. ಕವಿಯ ಪುಷ್ಪಕವು ಯಂತ್ರಶಾಸ್ತ್ರಕ್ಕೆ ಋಣಿಯಲ್ಲ. ಅದನ್ನು ಇಂಧನ, ರೆಕ್ಕೆ, ತೂಕಗಳ ಲೆಕ್ಕಕ್ಕೆ ಎಳೆದು ತಂದವರೇ ಅದನ್ನು ಸೋಲುವ ಕಣದಲ್ಲಿ ನಿಲ್ಲಿಸಿದರು.

ನಮ್ಮ ಮನೆಗಳಿಗೆ ಇನ್ನೂ ಹತ್ತಿರವಾದ ಪ್ರಸಂಗವೊಂದಿದೆ. ಗೋರಕ್ಷನು ವಜ್ರಕಾಯವನ್ನು ಸಾಧಿಸಿದ್ದನು. ಖಡ್ಗದಿಂದ ಹೊಡೆದರೆ ಅವನ ಮೈ ಖಣಿಲೆಂದಿತು. ಅದೇ ಖಡ್ಗವು ಅಲ್ಲಮಪ್ರಭುವಿನ ಮೈಯಲ್ಲಿ ಬಯಲಿನಲ್ಲಿ ಬೀಸಿದಂತೆ ಹಾಯ್ದು ಹೋಯಿತು. ಗಟ್ಟಿಯಾದ ದೇಹವು ಸಿದ್ಧಿಯಲ್ಲ, ದೇಹದ ಅಭಿಮಾನ ಕರಗುವುದೇ ಸಿದ್ಧಿ ಎಂಬುದನ್ನು ಕೇಳಿದವರೆಲ್ಲ ಅರಿಯುತ್ತಾರೆ. ಇಲ್ಲಿ ಒಬ್ಬನು ಗೋರಕ್ಷನ ಮೈಯಲ್ಲಿ ಎಂಥ ಲೋಹವಿತ್ತೆಂದು ಸಂಶೋಧನೆಗೆ ತೊಡಗಿದರೆ ಪ್ರಸಂಗದ ತಿರುಳೇ ಅವನ ಕೈಜಾರಿತು. ಭಕ್ತನ ಪಾಲಿಗೆ ಇಂಥ ಪ್ರಸಂಗವು ಬರಿಯ ಅದ್ಭುತ ಕಥೆಯೂ ಅಲ್ಲ, ವಿಜ್ಞಾನ ಕಥೆಯಂತೂ ಅಲ್ಲ. ಅದು ಅನುಭಾವದ ಮಾತು.

ತಾಯಿ ತಂದೆಯರು ಈ ವಿವೇಚನೆಯನ್ನು ಮಕ್ಕಳಿಗೆ ಕಲಿಸುವುದು ಅಗತ್ಯ. ‘ನಮ್ಮ ಪೂರ್ವಜರಲ್ಲಿ ಅದೂ ಇತ್ತು, ಇದೂ ಇತ್ತು’ ಎಂಬ ಸಂದೇಶಗಳು ದಿನವೂ ಮೊಬೈಲಿಗೆ ಬರುತ್ತವೆ. ಮಗು ಅದನ್ನು ತೋರಿಸಿ ‘ನಿಜವೆ?’ ಎಂದು ಕೇಳಿದಾಗ ಗದರಿಸುವುದೂ ಸಲ್ಲದು, ಸುಮ್ಮನೆ ತಲೆಯಾಡಿಸುವುದೂ ಸಲ್ಲದು. ‘ಇದು ತನ್ನನ್ನು ಕಥೆಯೆಂದು ಹೇಳಿಕೊಳ್ಳುತ್ತದೆಯೋ, ನಿಜವೆಂದೋ?’ ಎಂದು ಮೊದಲು ಕೇಳಬೇಕು. ಕಥೆಯೆಂದರೆ ಅದರ ರುಚಿಯನ್ನೂ ತಿರುಳನ್ನೂ ಸವಿಯೋಣ. ನಿಜವೆಂದರೆ ಯಾರು ಪರೀಕ್ಷಿಸಿದರು, ಏನು ಕಂಡರು ಎಂದು ವಿಚಾರಿಸೋಣ. ಹೀಗೆ ಕೇಳುವ ರೂಢಿಯಿರುವ ಮಗುವಿಗೆ ಅಜ್ಜಿಯ ಕಥೆಯ ಸೊಗಸೂ ಉಳಿಯುತ್ತದೆ, ಶಾಲೆಯಲ್ಲಿ ಕಲಿತ ಪಾಠವೂ ಉಳಿಯುತ್ತದೆ.