ಮಗುವಿಗೆ ಆ ಪದ ಕಲಿಸಿದ್ದೀವಾ?

ಕುಂದಗೋಳ ಅಂದ ಕೂಡಲೇ ನೆನಪಾಗೋದು ಸವಾಯಿ ಗಂಧರ್ವರು. ಭೀಮಸೇನ ಜೋಶಿಯವರ ಕಂಠಕ್ಕೆ ತಾಲೀಮು ಸಿಕ್ಕ ಊರು ಅದು. ಇವತ್ತು ನಾನು ಮಾತಾಡ್ತಿರೋದು ಅದೇ ತಾಲೂಕಿನ ಸಣ್ಣ ಮಕ್ಕಳ ದನಿಯ ಬಗ್ಗೆ.

ಹುಬ್ಬಳ್ಳಿಯಿಂದ ಹಾವೇರಿ ಕಡೆ ರೈಲು ಹತ್ತಿದರೆ ಕುಂದಗೋಳ, ಸಂಶಿ, ಗುಡಗೇರಿ ಸಾಲಾಗಿ ಬರುತ್ತವೆ. ಎರೆಹೊಲ. ಹತ್ತಿ, ಶೇಂಗಾ, ಮೆಣಸಿನಕಾಯಿ. ಕಾಯಿ ಬಿಡಿಸೋ ಕಾಲಕ್ಕೆ ಅವ್ವ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದರೆ ವಾಪಸ್ ಬರೋದು ಹೊತ್ತು ಮುಳುಗೋ ಹೊತ್ತಿಗೆ. ಶಾಲೆ ಅದಕ್ಕೂ ಮೊದಲೇ ಬಿಡುತ್ತೆ. ನಡುವಿನ ಆ ಒಂದೆರಡು ತಾಸು ಮೂರನೇ ಕ್ಲಾಸಿನ ಮಗು ಎಲ್ಲಿರುತ್ತೆ? ಕಟ್ಟೆ ಮೇಲೆ, ಕಿರಾಣಿ ಅಂಗಡಿ ಮುಂದೆ, ಪಕ್ಕದ ಮನೆ ಕಾಕಾನ ಹತ್ತಿರ. ಕಾಕಾಗಳಲ್ಲಿ ಬಹುಪಾಲು ಜನ ಒಳ್ಳೆಯವರೇ, ಒಪ್ಪೋಣ. ಆದರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ವರ್ಷ ವರ್ಷವೂ ಹೇಳ್ತಿರೋದು ಒಂದೇ ಮಾತು: ಮಕ್ಕಳ ಮೇಲಿನ ಅತ್ಯಾಚಾರದ ಹತ್ತು ಪ್ರಕರಣಗಳಲ್ಲಿ ಒಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಮಗುವಿಗೆ ಪರಿಚಯದವನೇ. ನಾವು ಮಕ್ಕಳಿಗೆ ಕಲಿಸಿರೋದೇನು? "ಗುರುತಿಲ್ಲದವರು ಚಾಕ್ಲೇಟ್ ಕೊಟ್ರ ತಗೋಬ್ಯಾಡ." ಅಂದ್ರೆ ಹತ್ತರಲ್ಲಿ ಒಂದಕ್ಕೆ ಮಾತ್ರ ಪಾಠ ಆಯ್ತು.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಕೈ, ಕಾಲು, ಮೂಗು, ಕಿವಿ... ಒಂದನೇ ಕ್ಲಾಸಿನಲ್ಲೇ ಮಕ್ಕಳು ಹಾಡಿ ಕುಣಿದು ಕಲಿಯುತ್ತಾರೆ. ಹೊಟ್ಟೆಯಿಂದ ಸೀದಾ ಮೊಣಕಾಲಿಗೆ ಜಿಗಿಯುತ್ತೆ ನಮ್ಮ ಪಾಠ! ನಡುವೆ ಇರೋದಕ್ಕೆ ನಮ್ಮ ಹತ್ತಿರ ಎರಡೇ ಥರದ ಪದ. ಒಂದು, ಬೈಯೋಕೆ ಬಳಸೋದು. ಇನ್ನೊಂದು, ಹೈಸ್ಕೂಲು ವಿಜ್ಞಾನ ಪುಸ್ತಕದ ಸಂಸ್ಕೃತ. ಏಳು ವರ್ಷದ ಮಗು ನಾಚಿಕೆ ಇಲ್ಲದೆ ಟೀಚರ್ ಮುಂದೆ ಹೇಳಬಹುದಾದ ಪದ ಯಾವುದು? ನೀವೇ ಒಂದು ಕ್ಷಣ ಯೋಚನೆ ಮಾಡಿ. ಪದ ಇಲ್ಲದ ಮಗು ಏನು ಹೇಳುತ್ತೆ ಗೊತ್ತಾ? "ಟೀಚರ್, ಹೊಟ್ಟಿ ನೋಯಾಕತ್ತೈತ್ರಿ." ಟೀಚರ್ ಮನೆಗೆ ಕಳಿಸ್ತಾರೆ. ಮನೆ ಪಕ್ಕದಲ್ಲೇ ಅದೇ ಕಾಕಾ.

2012ರ ಪೋಕ್ಸೋ ಕಾಯ್ದೆಯನ್ನ ಶಿಕ್ಷೆಯ ಕಾಯ್ದೆ ಅಂತಷ್ಟೇ ತಿಳಿದಿದ್ದೀವಿ. ಅದರಲ್ಲಿ ಮಗುವಿನ ಬಗ್ಗೆ ಬಹಳ ಕಾಳಜಿಯ ಸಾಲುಗಳಿವೆ. ಪೊಲೀಸರು ಸಮವಸ್ತ್ರದಲ್ಲಿ ಬರಬಾರದು, ಮಗುವಿನ ಮನೆಯಲ್ಲೋ ಅದಕ್ಕೆ ಇಷ್ಟವಾದ ಜಾಗದಲ್ಲೋ ಕೂತು ಕೇಳಬೇಕು, ಮಗು ಹೇಗೆ ಹೇಳಿತೋ ಹಾಗೇ ಬರೆದುಕೊಳ್ಳಬೇಕು. ಆದರೆ ಪದವನ್ನೇ ಕಲಿಸದಿದ್ದ ಮೇಲೆ ಬರೆದುಕೊಳ್ಳೋದು ಏನನ್ನ ಸ್ವಾಮಿ?

ಇದಕ್ಕೊಂದು ಹಿನ್ನೆಲೆ ಇದೆ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ ಮಕ್ಕಳನ್ನ ಕೇಳಿ ಒಂದು ವರದಿ ಕೊಟ್ಟಿತು. ಶೇಕಡಾ 53ರಷ್ಟು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದ್ದರು. ಅದೇ 2007ರಲ್ಲಿ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮ ನಮಗೆ ಬೇಡ ಅಂತ ಕೆಲವು ರಾಜ್ಯಗಳು ಬಾಗಿಲು ಹಾಕಿದವು. ಕರ್ನಾಟಕವೂ ಅದರಲ್ಲಿತ್ತು. 2020ರಲ್ಲಿ ಆಯುಷ್ಮಾನ್ ಭಾರತದ ಅಡಿ ಶಾಲಾ ಆರೋಗ್ಯ ಕಾರ್ಯಕ್ರಮ ಬಂತು. ಶಾಲೆಗೆ ಇಬ್ಬರು ಶಿಕ್ಷಕರಿಗೆ ತರಬೇತಿ, 11 ವಿಷಯ, ಮನಸ್ಸಿನ ಆರೋಗ್ಯದಿಂದ ಹಿಡಿದು ಇಂಟರ್ನೆಟ್ ಬಳಕೆವರೆಗೆ. ಒಳ್ಳೆಯದೇ. ಆದರೆ ಪಾಠ ಶುರುವಾಗೋದು ಆರನೇ ಕ್ಲಾಸಿನಿಂದ. ನಮ್ಮ ಮೂರನೇ ಕ್ಲಾಸಿನ ಮಗು ಇನ್ನೂ ಮೂರು ವರ್ಷ ಕಾಯಬೇಕು.

ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರಿನಿಂದ ಪ್ರಾಥಮಿಕ ಶಾಲೆಯಲ್ಲೇ ಸಂಬಂಧಗಳ ಪಾಠ ಕಡ್ಡಾಯ. ಲೈಂಗಿಕ ಶಿಕ್ಷಣ ಅಲ್ಲ, ಗಮನಿಸಿ. ಗೆಳೆತನ ಅಂದ್ರೇನು, ಯಾವ ಗುಟ್ಟು ಮುಚ್ಚಿಡಬಹುದು, ಯಾವುದನ್ನ ಮುಚ್ಚಿಡಬಾರದು, ಭಯ ಆದರೆ ಯಾರಿಗೆ ಹೇಳಬೇಕು, ಇಷ್ಟೇ. ಇದನ್ನ ಸಂಶಿಯಲ್ಲೋ ಗುಡಗೇರಿಯಲ್ಲೋ ಹೇಳಿಕೊಟ್ಟರೆ ಯಾವ ಸಂಸ್ಕೃತಿ ಹಾಳಾಗುತ್ತೆ?

ನಮ್ಮಲ್ಲಿ ಇರೋದು "ಒಳ್ಳೆ ಸ್ಪರ್ಶ, ಕೆಟ್ಟ ಸ್ಪರ್ಶ" ಅನ್ನೋ ಅರ್ಧ ಗಂಟೆ ಕಾರ್ಯಕ್ರಮ. ಯಾವುದೂ ಇಲ್ಲದಿರೋದಕ್ಕಿಂತ ವಾಸಿ. ಆದರೆ ಕೆಟ್ಟದ್ದು ಅಂದ ಕೂಡಲೇ ಮಗು ತಾನೇ ಕೆಟ್ಟದ್ದಾದೆ ಅಂದುಕೊಳ್ಳುತ್ತೆ. ಮುದ್ದು ಮಾಡುತ್ತಲೇ ಮೋಸ ಮಾಡೋನ ಕೈ ಮಗುವಿಗೆ ಕೆಟ್ಟದ್ದು ಅಂತ ಅನಿಸದೇ ಇರಬಹುದು. ಹಾಗಾಗಿ ಸುರಕ್ಷಿತ, ಅಸುರಕ್ಷಿತ ಅನ್ನೋದು ಮೇಲು. ಇನ್ನೊಂದು ಕಡೆ ಮನೆಯಲ್ಲಿ ನಾವೇ ಏನು ಮಾಡ್ತೀವಿ? "ಮಾಮಾಗ ಒಂದು ಮುತ್ತು ಕೊಡು ಬಾ." ಮಗು ಹಿಂದೆ ಸರಿದರೆ "ಎಷ್ಟು ಜಂಬ ನೋಡು" ಅಂತೀವಿ. ಬೇಡ ಅನ್ನೋ ಅಭ್ಯಾಸವನ್ನ ಮನೆಯಲ್ಲೇ ಕಿತ್ತುಹಾಕಿ, ಆಮೇಲೆ ಶಾಲೆಯಲ್ಲಿ "ಬೇಡ ಅನ್ನು" ಅಂದರೆ ಮಗು ಯಾರ ಮಾತು ಕೇಳಬೇಕು?

ಸರ್ಕಾರಿ ಶಾಲೆಯ ಮೇಲೆ ನನಗೆ ನಂಬಿಕೆ ಇದೆ. 2013ರಿಂದ ಕ್ಷೀರಭಾಗ್ಯದ ಹಾಲು ಅಲ್ಲೇ ಕುಡಿಯುತ್ತಾರೆ, ಮೊಟ್ಟೆ ಅಲ್ಲೇ ತಿನ್ನುತ್ತಾರೆ, ಜಂತುಹುಳದ ಮಾತ್ರೆ ಟೀಚರ್ ಕಣ್ಣೆದುರೇ ಚೀಪುತ್ತಾರೆ. ಮಗುವಿನ ಹೊಟ್ಟೆ ಬಗ್ಗೆ ಮಾತಾಡೋ ಶಾಲೆಗೆ ಉಳಿದ ಮೈ ಬಗ್ಗೆ ಮಾತಾಡೋದು ಅಸಾಧ್ಯ ಅಲ್ಲ. ಎಸ್‌ಡಿಎಂಸಿ ಸಭೆಗೆ ತಂದೆ ತಾಯಿಯನ್ನ ಕರೆದು, ಏನು ಕಲಿಸ್ತೀವಿ ಅಂತ ಮೊದಲೇ ತೋರಿಸಿದರೆ ಅರ್ಧ ಗಲಾಟೆ ಅಲ್ಲೇ ಮುಗಿಯುತ್ತೆ. ಶಿಕ್ಷಕರಿಗೂ ಒಂದು ಮಾತು: ವಿಷಯ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸದಿದ್ದರೆ ಅದೇ ಅಪರಾಧ, ಆರು ತಿಂಗಳವರೆಗೆ ಜೈಲಾಗಬಹುದು. ಊರ ಮರ್ಯಾದೆ ಅಂತ ಪಂಚಾಯ್ತಿ ಕಟ್ಟೆಯಲ್ಲಿ ಮುಗಿಸೋ ಹಾಗಿಲ್ಲ.

"ಮತ್ತೆ 1098 ಇದೆಯಲ್ಲ ಸರ್?" ಅಂತೀರಿ. ಇದೆ. ಎಷ್ಟೋ ಶಾಲೆಗಳ ಗೋಡೆ ಮೇಲೂ ಬರೆದಿದ್ದಾರೆ. ಆದರೆ ಮನೆಗೆ ಇರೋದು ಒಂದೇ ಫೋನು, ಅದು ಅಪ್ಪನ ಜೇಬಿನಲ್ಲಿ, ಅಪ್ಪ ಹೊಲದಲ್ಲಿ. ಸಂಜೆ ನಾಲ್ಕೂವರೆಗೆ ಆ ಮಗುವಿನ ಎದುರು ಇರೋ ಒಬ್ಬರೇ ದೊಡ್ಡವರು ಅಂದ್ರೆ ಶಾಲೆಗೆ ಬೀಗ ಹಾಕ್ತಿರೋ ಟೀಚರ್.